ಜನನ ಪತ್ರದಲ್ಲಿ ಇನಿಶಿಯಲ್ ಬೇಡ, ಪೂರ್ತಿ ಹೆಸರು ಬರೆಸಿ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳಿಗೆ ಈಗ ಹದಿನಾಲ್ಕು ತಿಂಗಳು. ಅಳಿಯ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರೆ. ಅವರು ಇಪ್ಪತ್ತು ದಿನ ರಜೆಗೆ ಬಂದಾಗಲೇ ಮಗುವಿನ ಪಾಸ್‌ಪೋರ್ಟ್ ಕೆಲಸ ಮುಗಿಸಿಬಿಡೋಣ ಅಂತ ಅರ್ಜಿ ಹಾಕಿದೆವು. ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಬೇಕು, ಇಬ್ಬರೂ ಊರಲ್ಲೇ ಇದ್ದಾರೆ, ಇನ್ನೇನು ತೊಂದರೆ ಅಂದುಕೊಂಡಿದ್ದೆ. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ನಾವೇ ಒಯ್ಯಬೇಕು, ಬಿಳಿ ಹಿನ್ನೆಲೆ ಇರಬೇಕು. ಹಾಸಿಗೆ ಮೇಲೆ ಬಿಳಿ ಪಂಚೆ ಹಾಸಿ ಮಗುವನ್ನು ಮಲಗಿಸಿ ಅದನ್ನೂ ತೆಗೆಸಿಕೊಂಡೆವು.

ಕೇಂದ್ರದ ಹೊರಗೆ ನಾನು ಕಾಯುತ್ತಿದ್ದೆ. ಒಂದೂವರೆ ಗಂಟೆ ಆದ ಮೇಲೆ ಮಗಳು ಬಂದಳು, ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಫೈಲ್ ತೆಗೆದು ಜನನ ಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟು, 'ಅಪ್ಪಾ, ಇಲ್ಲಿ ನೋಡಿ' ಅಂದಳು. ಅಳಿಯನ ಪಾಸ್‌ಪೋರ್ಟಿನಲ್ಲಿ ಅವರ ತಂದೆಯ ಹೆಸರೂ ಸೇರಿ ಪೂರ್ತಿ ಹೆಸರಿದೆ. ಜನನ ಪತ್ರದಲ್ಲಿ ಎರಡು ಇನಿಶಿಯಲ್, ಮುಂದೆ ಹೆಸರು. ಮಗಳ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಟಿ-ಎಚ್ ಬರಬೇಕಾದ ಕಡೆ ಬರೀ ಟಿ.

ಅದನ್ನು ಹಾಗೆ ಬರೆದುಕೊಟ್ಟವನು ನಾನೇ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ ತಾನೆ. ರಾತ್ರಿ ಎರಡು ಗಂಟೆಗೆ ಮಗು ಹುಟ್ಟಿತು, ಅಳಿಯ ಊರಲ್ಲಿ ಇರಲಿಲ್ಲ, ಬೆಳಿಗ್ಗೆ ನರ್ಸಮ್ಮ ಒಂದು ಫಾರಂ ತಂದು 'ಬೇಗ ತುಂಬಿಕೊಡಿ ಯಜಮಾನ್ರೇ' ಅಂದರು. ಮಗಳು ಕಣ್ಣು ಬಿಡುವ ಸ್ಥಿತಿಯಲ್ಲಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹೇಗೆ ಅಚ್ಚು ಹಾಕಿಸಿದ್ದೆವೋ ಹಾಗೇ ಬರೆದುಕೊಟ್ಟೆ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಅಥವಾ ಆಧಾರ್‌ನಲ್ಲಿ ಹೇಗಿದೆ ಅಂತ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಪಾಸ್‌ಪೋರ್ಟ್ ಸಿಬ್ಬಂದಿ ಮೇಲೆ ನನಗೆ ಸಿಟ್ಟಿಲ್ಲ. ಅವರು ಸಮಾಧಾನವಾಗಿಯೇ ಹೇಳಿದರಂತೆ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಜನ್ಮ ದಿನಾಂಕದ ದಾಖಲೆಯಾಗಿ ಜನನ ಪತ್ರ ಒಂದೇ ಆಗುತ್ತದೆ, ಬೇರೆ ಯಾವುದೂ ನಡೆಯುವುದಿಲ್ಲ. ಹಾಗಾಗಿ ಆ ಒಂದು ಕಾಗದ ಸರಿಯಿಲ್ಲದಿದ್ದರೆ ಮುಂದಿನ ದಾರಿಯೇ ಇಲ್ಲ. ಇನ್ನು ಖರ್ಚು ಅಂದರೆ ದೊಡ್ಡದೇನಲ್ಲ, ಮಕ್ಕಳ ಪಾಸ್‌ಪೋರ್ಟಿಗೆ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಅದರಲ್ಲೂ ಶೇ 10 ಕಡಿಮೆ. ಊರೂರಿನ ಅಂಚೆ ಕಚೇರಿಗಳಲ್ಲೂ ಈಗ ಪಾಸ್‌ಪೋರ್ಟ್ ಕೇಂದ್ರಗಳಿವೆ, 2017ರಲ್ಲಿ ಅದು ಮೊದಲು ಶುರುವಾದ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. ಸೌಲಭ್ಯ ಜಾಸ್ತಿಯಾಗಿದೆ, ಒಪ್ಪುತ್ತೇನೆ.

ಆದರೆ ತಿದ್ದುಪಡಿ ಆಗಬೇಕಾದ್ದು ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲೇ. ಅರ್ಜಿ, ಅಫಿಡವಿಟ್, ಇಬ್ಬರ ಪಾಸ್‌ಪೋರ್ಟ್ ನಕಲು ಕೊಟ್ಟು ನಾಲ್ಕು ಸಲ ಓಡಾಡಿದೆ. ಹೊಸ ಪತ್ರ ಕೈಗೆ ಬರುವಷ್ಟರಲ್ಲಿ ಅಳಿಯನ ರಜೆ ಮುಗಿದಿತ್ತು. ಈಗ ಅವರು ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಒಪ್ಪಿಗೆ ಪತ್ರ ಕಳಿಸಬೇಕು, ಆಮೇಲೆ ಮತ್ತೆ ಅಪಾಯಿಂಟ್‌ಮೆಂಟ್. ಮಗು ಹೆಜ್ಜೆ ಹಾಕಲು ಶುರು ಮಾಡಿದ್ದನ್ನು ಅವರು ವಿಡಿಯೋ ಕಾಲ್‌ನಲ್ಲೇ ನೋಡಿದರು. ನನಗೆ ಆ ಸಂಕಟ ಹೋಗುತ್ತಿಲ್ಲ.

ಬಾಣಂತನಕ್ಕೆ ಮಗಳು ಬಂದಿರುವ ಮನೆಯವರಿಗೆ ನನ್ನದೊಂದು ವಿನಂತಿ. ಆಸ್ಪತ್ರೆ ಬ್ಯಾಗಿನಲ್ಲಿ ಬಟ್ಟೆಬರೆ ಜೊತೆಗೆ ಮಗಳು ಅಳಿಯ ಇಬ್ಬರ ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ, ಅದು ಇಲ್ಲದಿದ್ದರೆ ಆಧಾರ್. ಅದರಲ್ಲಿ ಇದ್ದ ಹಾಗೇ ಒಂದೊಂದೇ ಅಕ್ಷರ ನೋಡಿ ಬರೆಯಿರಿ. ಮಗುವಿನ ಹೆಸರನ್ನು ನಾಮಕರಣ ಆದ ಮೇಲೆ ಸೇರಿಸಬಹುದು, ನೋಂದಣಿಯಾದ ಒಂದು ವರ್ಷದೊಳಗಾದರೆ ಅದಕ್ಕೆ ಶುಲ್ಕವೂ ಇಲ್ಲ. ಹಾಗೆ ಸೇರಿಸಲು ಹೋದಾಗ ಅಪ್ಪ ಅಮ್ಮನ ಹೆಸರನ್ನೂ ಇನ್ನೊಮ್ಮೆ ಓದಿ ನೋಡಿ. ನಾನು ಹೋಗಿದ್ದೆ, ಓದಿರಲಿಲ್ಲ.

ಆರೋಗ್ಯ ಇಲಾಖೆಯವರನ್ನೂ ಕೇಳಿಕೊಳ್ಳುತ್ತೇನೆ. ಆಸ್ಪತ್ರೆಯಿಂದ ವಿವರ ಕಳಿಸುವ ಮೊದಲು ಒಂದು ಪ್ರಿಂಟ್ ತೆಗೆದು ತಾಯಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ, ಐದು ನಿಮಿಷದ ಕೆಲಸ. ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲೇ ಇದನ್ನು ಒಂದು ಸಾಲು ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು.

— ಒಬ್ಬ ಅಜ್ಜ, ಅರಸೀಕೆರೆ