ಪುಸ್ತಕದ ಬೀರುವಿಗೂ ಬೇಸಿಗೆ ರಜೆಯೇ?

ಸಂಪಾದಕರಿಗೆ,

ಏಪ್ರಿಲ್ ಎರಡನೇ ವಾರ ಸರ್ಕಾರಿ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ. ಶಾಲೆಯ ಪುಸ್ತಕದ ಬೀರುವಿಗೂ ಅವತ್ತೇ ಬೀಗ ಬೀಳುತ್ತದೆ. ಮಕ್ಕಳಿಗೆ ಓದಲು ಪುರಸೊತ್ತು ಸಿಗುವುದೇ ಆಗ. ಪುಸ್ತಕ ಸಿಗದಿರುವುದೂ ಆಗಲೇ. ರಜೆಗೆ ಮೊದಲೇ ಇದಕ್ಕೊಂದು ದಾರಿ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿ ಕಾರ್ಯದರ್ಶಿ. ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಲೆಕ್ಕ ಬರೆಯುವುದು ನನ್ನ ಕೆಲಸ. ಓದಿಸುವುದಕ್ಕೂ ನನಗೂ ಏನು ಸಂಬಂಧ ಅಂತ ಕೇಳಬಹುದು. ರಜೆಯಲ್ಲಿ ನಮ್ಮ ಡೇರಿಗೆ ಹಾಲು ತರುವವರು ಜಾಸ್ತಿ ಮಕ್ಕಳೇ. ಅಪ್ಪ ತೋಟಕ್ಕೆ ನೀರು ಬಿಡಲು ಹೋಗಿರುತ್ತಾರೆ, ಅಮ್ಮ ಹಲಸಿನ ಹಪ್ಪಳಕ್ಕೆ ಕೂತಿರುತ್ತಾರೆ. ಕ್ಯಾನು ಮಕ್ಕಳ ಕೈಗೆ. ಹಾಲು ಹಾಕಿದ ಮೇಲೂ ಮನೆಗೆ ಹೋಗುವುದಿಲ್ಲ. ಡೇರಿ ಕಟ್ಟೆಯ ಮೇಲೆ ಒಂದು ಮೊಬೈಲು, ಅದರ ಸುತ್ತ ನಾಲ್ಕೈದು ತಲೆ.

ಹೋದ ವರ್ಷ ಅದೇ ಕಟ್ಟೆಯ ಮೇಲೆ ಪುಸ್ತಕದ ಪೆಟ್ಟಿಗೆ ಇಟ್ಟೆವು. ರಜೆಗೆ ಊರಿಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಮತ್ತು ನಿವೃತ್ತ ಮೇಷ್ಟ್ರೊಬ್ಬರು ಕೈಜೋಡಿಸಿದರು. ಬ್ಯಾನರ್ ಇಲ್ಲ, ಉದ್ಘಾಟನೆ ಇಲ್ಲ. ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲೇ ಮಕ್ಕಳ ಹೆಸರು, ತಾರೀಕು ಬರೆದೆವು. 'ಫ್ಯಾಟ್' ಅಂತ ಅಚ್ಚಾಗಿದ್ದ ಕಾಲಂನಲ್ಲಿ ಕಥೆ ಪುಸ್ತಕದ ಹೆಸರು!

ಒಂದು ಸಂಜೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಮಂಗ-ಮೊಸಳೆಯ ಕಥೆ ಓದುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ, ಅಲ್ಲಿ ಬೆರಳಿಟ್ಟು ಮೇಷ್ಟ್ರ ಮುಖ ನೋಡುತ್ತಾಳೆ. ಮೇಷ್ಟ್ರು ಬಾಯಿ ಬಿಡುವುದಿಲ್ಲ. ಕೊನೆಗೆ ತಾನೇ ಬಿಡಿಸಿ ಓದುತ್ತಾಳೆ. ಸಾಲಿನಲ್ಲಿ ನಿಂತಿದ್ದ ಅಜ್ಜ ಒಬ್ಬರಿಗೆ ತಡೆಯಲಾಗಲಿಲ್ಲ. "ಅಲ್ವೇ, ಎದೆ ಮರದ ಮೇಲೆ ಬಿಟ್ಟು ಬಂದಿದೀನಿ ಅಂದ್ರೆ ಆ ಮೊಸಳೆ ನಂಬೋದಾ?" ಅಂದರು. "ತಡೀರಿ ಅಜ್ಜ, ಇನ್ನೂ ಮುಗಿದಿಲ್ಲ" ಅಂತ ಗದರಿಸಿಬಿಟ್ಟಳು. ಅಜ್ಜ ಸುಮ್ನೆ ಖಾಲಿ ಕ್ಯಾನು ಹಿಡಿದುಕೊಂಡು ಕಥೆ ಮುಗಿಯುವವರೆಗೆ ನಿಂತರು.

ಓದುವ ಮಕ್ಕಳಿಗೆ ಬರವಿಲ್ಲ, ಕೂತು ಕೇಳುವವರೂ ಸಿಗುತ್ತಾರೆ. ನಮಗೆ ಕೊರತೆಯಾದದ್ದು ಪುಸ್ತಕ. ಬೆಂಗಳೂರಿನಿಂದ ಬಂದವರು ಪ್ರೀತಿಯಿಂದ ಕೊಟ್ಟ ಚೀಲ ಬಿಚ್ಚಿದರೆ ಹಳೇ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಹಳೇ ಡೈರಿ. ಎರಡನೇ ಕ್ಲಾಸಿನ ಮಗುವಿಗೆ ಅದು ಯಾತಕ್ಕೆ? ಚಿತ್ರ ಇರುವ, ದೊಡ್ಡ ಅಕ್ಷರದ, ಹತ್ತು ನಿಮಿಷಕ್ಕೆ ಮುಗಿಯುವ ಕನ್ನಡ ಪುಸ್ತಕ ಬೇಕು. ಅಂಥವು ಶಾಲೆಯ ಬೀರುವಿನಲ್ಲಿ ಬೇಕಾದಷ್ಟಿವೆ.

ಆ ಬೀಗದ ಕೈ ಕೇಳಲು ಹೋದಾಗ ಮುಖ್ಯೋಪಾಧ್ಯಾಯರೊಬ್ಬರು ಹೇಳಿದ್ದಿಷ್ಟು: "ಕೊಡಬಾರದು ಅಂತಲ್ಲ ಮೇಡಂ, ಒಂದು ಪುಸ್ತಕ ಹೋದರೂ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಾದವನು ನಾನು." ಅವರ ಭಯ ಸುಳ್ಳಲ್ಲ. ನಮ್ಮ ಡೇರಿಯಲ್ಲೂ ಒಂದು ಕ್ಯಾನು ಕಡಿಮೆಯಾದರೆ ಆಡಿಟ್‌ನವರು ಸುಮ್ಮನೆ ಬಿಡುತ್ತಾರಾ? ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಕ್ಕೆ ಅಂತಲೇ ಒಂದು ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ 1000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ನಷ್ಟ ಎಂದು ನೋಡಬಹುದು. ಮೋಸ, ಅಸಡ್ಡೆ ಇರಬಾರದು ಅಷ್ಟೇ. ಕೇಂದ್ರೀಯ ವಿದ್ಯಾಲಯದ ಲೈಬ್ರರಿಯಲ್ಲಿದ್ದ ನಮ್ಮ ಭಾವ ಇದನ್ನು ಹೇಳಿದರು. ಅದು ಕೇಂದ್ರದವರ ನಿಯಮ, ಒಪ್ಪೋಣ. ಅಂಥದ್ದೇ ಎರಡು ಸಾಲನ್ನು ನಮ್ಮ ಶಿಕ್ಷಣ ಇಲಾಖೆ ರಜೆಗೆ ಮುಂಚೆ ಸುತ್ತೋಲೆಯಲ್ಲಿ ಬರೆದು ಕಳಿಸಲಿ. ಹೆಡ್‌ಮಾಸ್ಟರ್‌ಗಳು ಧೈರ್ಯವಾಗಿ ಬೀಗ ತೆಗೆಯುತ್ತಾರೆ. ಇಲ್ಲದಿದ್ದರೆ ಜೂನ್‌ನಲ್ಲಿ ಸೇತುಬಂಧ ಅಂತ, ಮಕ್ಕಳು ಮರೆತ ಹಿಂದಿನ ವರ್ಷದ ಪಾಠವನ್ನೇ ತಿದ್ದಿಸುತ್ತಾ ಕೂರುವುದು ಇದ್ದೇ ಇದೆ.

ಪಂಚಾಯಿತಿ ಗ್ರಂಥಾಲಯ ಇದೆಯಲ್ಲ ಅನ್ನಬಹುದು. ಇದೆ, ಚೆನ್ನಾಗಿಯೂ ಇದೆ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವವೂ ಉಚಿತ. ಆದರೆ ಮಲೆನಾಡಿನಲ್ಲಿ ಊರು ಎಂದರೆ ಒಂದೇ ಕಡೆ ಮನೆಗಳಲ್ಲ. ತೋಟಕ್ಕೊಂದು ಮನೆ, ನಡುವೆ ಹಳ್ಳ, ಕಾಡು. ಏಳು ವರ್ಷದ ಮಗುವನ್ನು ಆರು ಕಿಲೋಮೀಟರ್ ದೂರದ ಲೈಬ್ರರಿಗೆ ಒಂಟಿಯಾಗಿ ಯಾರು ಕಳಿಸುತ್ತಾರೆ? 2019ರಿಂದ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಮನಸ್ಸು ಮಾಡಿ, ಡೇರಿಯ ಹೆಸರಿನಲ್ಲಿ ಒಂದು ಕಟ್ಟು ಪುಸ್ತಕ ಎರಡು ತಿಂಗಳಿಗೆ ಕೊಡಲಿ. ನಮ್ಮ ಹಾಲಿನ ಸಂಘದ ಸೀಲು ಹಾಕಿ ರಸೀದಿ ಕೊಡುತ್ತೇವೆ.

ಎಲ್ಲ ಮಕ್ಕಳೂ ಡೇರಿಗೆ ಬರುವುದಿಲ್ಲ, ಗೊತ್ತು. ಕಡಿಮೆ ಹಾಲು ಕೊಡುವ ಮಲೆನಾಡು ಗಿಡ್ಡ ತಳಿಯ ದನ ಸಾಕಿದ ಮನೆಯಲ್ಲಿ ಹಾಲು ಮನೆಗೇ ಸಾಕಾಗುವುದಿಲ್ಲ, ಇನ್ನು ಡೇರಿಗೆ ಎಲ್ಲಿಂದ? ಕೂಲಿಗೆ ಹೋಗುವವರ ಎಷ್ಟೋ ಮನೆಗಳಲ್ಲಿ ದನವೇ ಇಲ್ಲ. ಆ ಮಕ್ಕಳಿಗೆ ಪಕ್ಕದ ಮನೆ ಹುಡುಗರ ಕೈಲಿ ಪುಸ್ತಕ ಕಳಿಸಿದೆವು. ಕೆಲವು ಮುಟ್ಟಿದವು, ಕೆಲವು ದಾರಿಯಲ್ಲೇ ಉಳಿದವು. ಇದಕ್ಕೆ ಬೇರೆ ಯಾರಾದರೂ ಒಳ್ಳೆ ಉಪಾಯ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.

ಬೇರೆ ಡೇರಿಯವರು ಶುರು ಮಾಡುವುದಾದರೆ: ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಗೆದ್ದಲು ಬಿಡುವುದಿಲ್ಲ. ಕ್ಯಾನು ತೊಳೆಯುವ ಜಾಗದಿಂದ ದೂರ ಇರಲಿ. ಹಾಲಿನ ಕೈಯಲ್ಲಿ ಪುಸ್ತಕ ಮುಟ್ಟಿದರೆ ಇರುವೆ ಬರುತ್ತದೆ, ಒಂದು ಟವೆಲ್ ನೇತುಹಾಕಿ. ಮಳೆ ಹಿಡಿಯುವ ಮೊದಲೇ ಎಲ್ಲ ವಾಪಸ್ ಪಡೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿದ ಪುಸ್ತಕ ಶಾಲೆಗೆ ಕೊಡಬೇಕಾಗುತ್ತದೆ.

– ಹಾಲಿನ ಡೇರಿ ಕಾರ್ಯದರ್ಶಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ