ಗೂಟ ಕಡಿಮೆ, ದನ ಅಷ್ಟೇ

ಲೆಸ್ಟರ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮಾ,

ಪುಟ್ಟಿ ಫೋನಿನಲ್ಲಿ ಎಲ್ಲಾ ಹೇಳಿದಳು. ಅವಳ ರಕ್ತದ ರಿಪೋರ್ಟ್‌ನಲ್ಲಿ ಪ್ರೋಟೀನ್ ಕಡಿಮೆ ಅಂತ ಬಂದ ದಿನವೇ ನೀನು ಪೌಡರ್ ಡಬ್ಬಿ ತರಿಸಿದೆಯಂತೆ. ಸಾಲದ್ದಕ್ಕೆ ನಮ್ಮ ಮನೆಗೆ ಮೊಟ್ಟೆ ಬಂತಂತೆ! ಅಜ್ಜಿ ಇದ್ದಿದ್ದರೆ ಅಡುಗೆಮನೆಯನ್ನೇ ತೊಳೆಸುತ್ತಿದ್ದರು. ನಗಬಾರದು ಅಂದುಕೊಂಡೆ, ತಡೆಯಲಾಗಲಿಲ್ಲ.

ಅದು ತಿನ್ನುವ ಪ್ರೋಟೀನ್ ಅಲ್ಲಮ್ಮ. ಅದರ ಹೆಸರು ಎಸ್‌ಎಚ್‌ಬಿಜಿ, ಅಂದರೆ ಸೆಕ್ಸ್ ಹಾರ್ಮೋನ್ ಬೈಂಡಿಂಗ್ ಗ್ಲೋಬ್ಯುಲಿನ್. ಪೂರ್ತಿ ಹೆಸರಿನ ಮೊದಲ ಪದ ಓದಿ ಅಪ್ಪ ಕಾಗದ ಮಡಚಿ ಪಂಚಾಂಗದ ಕೆಳಗಿಟ್ಟರಂತೆ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ. ಅದನ್ನು ನಮ್ಮ ಲಿವರ್ ತಾನೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಟೆಸ್ಟೋಸ್ಟಿರಾನ್‌ನಂಥ ಹಾರ್ಮೋನುಗಳನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಟೆಸ್ಟೋಸ್ಟಿರಾನ್ ಗಂಡಸರದ್ದಲ್ವಾ ಅಂತ ಕೇಳಬೇಡ, ಹೆಂಗಸರಿಗೂ ಸ್ವಲ್ಪ ಇರುತ್ತದೆ.

ಜಗಳೂರಿನ ಮಾವನ ದನದ ಕೊಟ್ಟಿಗೆ ನೆನಪು ಮಾಡಿಕೋ. ಗೂಟಕ್ಕೆ ಕಟ್ಟಿದ ದನ ಎಷ್ಟಿದ್ದರೂ ಹೊಲಕ್ಕೆ ಭಯವಿಲ್ಲ. ಬಿಚ್ಚಿಕೊಂಡು ಹೋದದ್ದು ಮೆಕ್ಕೆಜೋಳ ಮೇಯುತ್ತದೆ. ಎಸ್‌ಎಚ್‌ಬಿಜಿ ಗೂಟ, ಹಾರ್ಮೋನು ದನ. ಆಲ್ಬುಮಿನ್ ಅಂತ ಇನ್ನೊಂದು ಇದೆ, ಅದು ಸಡಿಲ ಹಗ್ಗ, ಎಳೆದರೆ ಬಿಚ್ಚುತ್ತದೆ. ಯಾವುದಕ್ಕೂ ಕಟ್ಟಿಸಿಕೊಳ್ಳದೆ ತಿರುಗುವುದು ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಪುಟ್ಟಿಗೆ ದನ ಜಾಸ್ತಿ ಆಗಿಲ್ಲ, ಗೂಟ ಕಡಿಮೆ ಆಗಿವೆ. ಗದ್ದದ ಮೇಲೆ ಕೂದಲು, ಹೋಗದ ಮೊಡವೆ, ಎಲ್ಲಾ ಆ ಬಿಚ್ಚಿದ ದನದ ಕೆಲಸ ಇರಬೇಕು.

ನಾನು ಡಾಕ್ಟರಲ್ಲ, ಲ್ಯಾಬಿನವಳು. ಆದರೆ ಈ ಲೆಕ್ಕ ದಿನಾ ಮಾಡುತ್ತೇನೆ. ಅವಳ ಒಟ್ಟು ಟೆಸ್ಟೋಸ್ಟಿರಾನ್ 46, ನಾರ್ಮಲ್ ಒಳಗೇ ಇದೆ. ಅಲ್ಲಿ ಅದನ್ನು ನ್ಯಾನೋಗ್ರಾಂನಲ್ಲಿ ಕೊಡುತ್ತಾರೆ, ಇಲ್ಲಿ ನ್ಯಾನೋಮೋಲ್‌ನಲ್ಲಿ. 28.8ರಿಂದ ಭಾಗಿಸಿದರೆ 1.6. ಎಸ್‌ಎಚ್‌ಬಿಜಿ 18. 1.6ನ್ನು 18ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹತ್ತಿರ ಹತ್ತಿರ 9. ಗೂಟಕ್ಕೆ ಹೋಲಿಸಿದರೆ ದನ ಎಷ್ಟು ಅನ್ನುವ ಅಂಕಿ ಇದು. ಸಾಮಾನ್ಯವಾಗಿ 5 ದಾಟಿದರೆ ಹೆಚ್ಚು ಅನ್ನುತ್ತಾರೆ. ಒಟ್ಟು ಅಂಕಿಯೊಂದನ್ನೇ ನೋಡಿ ಆ ಲ್ಯಾಬಿನ ಹುಡುಗ ‘ಎಲ್ಲಾ ಸರಿ ಇದೆ’ ಅಂದುಬಿಟ್ಟನಂತೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬಿಚ್ಚಿದ ದನವನ್ನಷ್ಟೇ ಎಣಿಸುವ ‘ಫ್ರೀ ಟೆಸ್ಟೋಸ್ಟಿರಾನ್’ ಅಂತ ಬೇರೆ ಟೆಸ್ಟ್ ಮಾಡಿಸಿ ಅಂದರೆ ದುಡ್ಡು ಸುರಿಯಬೇಡಿ. ಆ ಕಿಟ್ಟುಗಳು ಹೆಂಗಸರ ಸಣ್ಣ ಅಂಕಿಗಳನ್ನು ಸರಿಯಾಗಿ ಅಳೆಯುವುದಿಲ್ಲ. ಈ ಭಾಗಾಕಾರವೇ ವಾಸಿ.

ಹೋದ ವರ್ಷ ಎಸ್‌ಎಚ್‌ಬಿಜಿ 140 ಇದ್ದದ್ದು ಈಗ 18 ಆಯಿತಲ್ಲ ಅಂತ ನೀನು ಕಣ್ಣೀರು ಹಾಕಿದೆಯಂತೆ. ಆಗ ಅವಳು ಮುಟ್ಟು ಸರಿಹೋಗಲು ಮಾತ್ರೆ ನುಂಗುತ್ತಿದ್ದಳು, ಮರೆತೆಯಾ? ಆ ಮಾತ್ರೆಯ ಈಸ್ಟ್ರೋಜನ್ ಗೂಟಗಳನ್ನು ಹೆಚ್ಚಿಸುತ್ತದೆ. ಮಾತ್ರೆ ನಿಲ್ಲಿಸಿ ಮೂರು ತಿಂಗಳಾದ ಮೇಲೆ ಬಂದ ಅಂಕಿಯೇ ಅವಳ ನಿಜವಾದ ಅಂಕಿ. 140 ಅವಳದ್ದಲ್ಲ, ಮಾತ್ರೆಯದ್ದು.

ಕಡಿಮೆ ಆಗಿದ್ದೇಕೆ ಅಂದರೆ, ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇರುವವರಲ್ಲಿ ಎಷ್ಟೋ ಜನಕ್ಕೆ ಇನ್ಸುಲಿನ್ ಜಾಸ್ತಿ ಇರುತ್ತದೆ. ಅದು ಲಿವರ್ ಗೂಟ ಮಾಡುವುದನ್ನು ತಗ್ಗಿಸುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಸಕ್ಕರೆಯ ಟೆಸ್ಟ್, ಥೈರಾಯ್ಡ್ ನೋಡುವ ಟಿಎಸ್‌ಎಚ್ ಟೆಸ್ಟ್, ಎರಡನ್ನೂ ಕೇಳಿ. ಮುಂದಿನದು ಅವರೇ ಹೇಳಲಿ.

ಅಲ್ಲಿಯವರೆಗೆ ಅವಳನ್ನು ಕುಂದವಾಡ ಕೆರೆಗೆ ವಾಕಿಂಗ್ ಕಳಿಸು. ಒಬ್ಬಳೇ ಹೋಗಲ್ಲ, ನೀನೂ ಹೋಗು. ಬರುವಾಗ ಬೆಣ್ಣೆ ದೋಸೆ ಮಾತ್ರ ದಿನಾ ಬೇಡ. ವಾರಕ್ಕೊಂದು ಸಲ ತಿನ್ನಲಿ, ಪಾಪ. ನನಗಂತೂ ಇಲ್ಲಿ ಅದೂ ಇಲ್ಲ.

ಹೊಸ ರಿಪೋರ್ಟ್ ಬಂದಾಗ ಫೋಟೋ ನೇರ ನನಗೆ ಕಳಿಸಿ, ಪಂಚಾಂಗದ ಕೆಳಗೆ ಬೇಡ. ಉಳಿದ ಮೊಟ್ಟೆ ಮೇಲಿನ ಮನೆಯವರಿಗೆ ಕೊಟ್ಟುಬಿಡು.

ನಿನ್ನ ದೊಡ್ಡ ಮಗಳು