ಪುಕ್ಕಟೆ ಸಾಫ್ಟ್‌ವೇರ್‌ಗೆ ಬಿಲ್ ಯಾಕೆ?

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ರಿಪೇರಿ ಅಂಗಡಿಗಳ ಬಿಲ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅದರಲ್ಲಿ ಅಂಗಡಿಯವರ ಮಾತೇ ಜಾಸ್ತಿ ಇತ್ತು. ದುಡ್ಡು ಕೊಟ್ಟವರ ಮಾತೂ ನಾಲ್ಕು ಸಾಲು ಬರಲಿ ಅಂತ ಬರೆಯುತ್ತಿದ್ದೇನೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗೂ ಬೆಲೆ ಹಾಕಿದ ಬಿಲ್ಲೊಂದನ್ನು ನಿನ್ನೆ ಸಂಜೆಯಷ್ಟೇ ಕಟ್ಟಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಲ್ಯಾಪ್‌ಟಾಪ್ ಆನ್ ಆಗೋಕೆ ಹತ್ತು ನಿಮಿಷ ಹಿಡಿಯುತ್ತಿತ್ತು. ರಿಪೇರಿಗೆ ಕೊಟ್ಟೆ. ‘ಫಾರ್ಮ್ಯಾಟ್ ಮಾಡಬೇಕು, ನಾಳೆ ಬನ್ನಿ ಸಾರ್’ ಅಂದರು. ಮಾರನೇ ದಿನ ಹೋದರೆ ಮತ್ತೆ ನಾಳೆ. ಮೂರನೇ ಸಲ ಅರ್ಧ ದಿನ ರಜೆ ಹಾಕಿ ಹೋಗಿ, ಅಲ್ಲೇ ಎರಡು ಗಂಟೆ ನಿಂತೆ. ಅಷ್ಟರಲ್ಲಿ ಮಗಳು ಪಕ್ಕದ ಮನೆಯವರ ಕಂಪ್ಯೂಟರ್ ಮುಂದೆ ಕೂತು ಪ್ರಾಜೆಕ್ಟ್ ರಿಪೋರ್ಟ್ ಮುಗಿಸಿದ್ದಳು. ಮನೆಗೆ ತಂದು ನೋಡಿದರೆ ಡೆಸ್ಕ್‌ಟಾಪ್ ಮೇಲಿದ್ದ ಫೋಟೊಗಳೆಲ್ಲ ಹೋಗಿವೆ. ಬ್ಯಾಕಪ್ ಬೇಕಾ ಅಂತ ಒಂದು ಮಾತು ಕೇಳಿರಲಿಲ್ಲ.

ಇನ್ನು ಬಿಲ್ಲು. ಫಾರ್ಮ್ಯಾಟ್ ಮಾಡಿದ್ದಕ್ಕೆ ಒಂದು ಮೊತ್ತ. ಅದು ಸರಿ. ಅದರ ಕೆಳಗೆ ಪತ್ರ, ಲೆಕ್ಕ ಬರೆಯುವ ಲಿಬ್ರೆ ಆಫೀಸ್‌ಗೆ ಬೇರೆ, ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್‌ಗೆ ಬೇರೆ, ಫೈಲ್ ಕುಗ್ಗಿಸುವ ಸೆವೆನ್ ಜಿಪ್‌ಗೆ ಬೇರೆ, ಆಂಟಿವೈರಸ್‌ಗೆ ಬೇರೆ. ಇದೇನು ಅಂತ ಕೇಳಿದೆ. ‘ಎಲ್ಲಾ ಒರಿಜಿನಲ್ ಸಾರ್, ಫುಲ್ ವರ್ಷನ್, ಲೈಫ್‌ಟೈಮ್’ ಅಂದರು.

ಲಿಬ್ರೆ ಆಫೀಸ್‌ನಲ್ಲಿ ಫುಲ್ ವರ್ಷನ್, ಅರ್ಧ ವರ್ಷನ್ ಅಂತ ಎರಡಿದೆಯಾ? 2010ರಲ್ಲಿ ಓಪನ್ ಆಫೀಸ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್‌ನಿಂದ ಕವಲೊಡೆದಾಗಿನಿಂದ ಅದು ಎಲ್ಲರಿಗೂ ಪುಕ್ಕಟೆ. ಲೈಸೆನ್ಸ್ ಕೀ ಇಲ್ಲ, ಅವಧಿ ಮುಗಿಯುವುದೂ ಇಲ್ಲ. ವಿಎಲ್‌ಸಿ 1996ರಲ್ಲಿ ಫ್ರಾನ್ಸ್‌ನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಇವತ್ತಿಗೂ ಅದರಲ್ಲಿ ಒಂದು ಜಾಹೀರಾತು ಕೂಡ ಬರುವುದಿಲ್ಲ. ಎಷ್ಟೋ ಜನ ಸಂಬಳ ಇಲ್ಲದೆ ಕೂತು ಬರೆದು ಊರಿಗೆಲ್ಲ ಹಂಚಿದ್ದನ್ನು ಇವರು ಬೆಲೆ ಹಚ್ಚಿ ಮಾರುತ್ತಾರೆ. ಹೊಟ್ಟೆ ಉರಿಯೋದು ಅದಕ್ಕೇ.

ಆಂಟಿವೈರಸ್ ಕಥೆ ಇನ್ನೂ ಕೆಟ್ಟದ್ದು. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಅನ್ನುವ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಇವರು ಅದರ ಮೇಲೆ ಬೇರೆ ಕಂಪನಿಯ ಫ್ರೀ ಆಂಟಿವೈರಸ್ ತಂದು ಹಾಕಿದ್ದಾರೆ. ಹೀಗೆ ಇನ್ನೊಂದು ಬಂದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅಂದರೆ ಇದ್ದ ಕಾವಲನ್ನು ಬಿಡಿಸಿ, ಪುಕ್ಕಟೆ ಕಾವಲು ಹಾಕಿ, ದುಡ್ಡು ತೆಗೆದುಕೊಂಡರು. ಈಗ ನೋಡಿದಾಗಲೆಲ್ಲ ‘ಅಪ್‌ಗ್ರೇಡ್ ಮಾಡಿ, ಹಣ ಕಟ್ಟಿ’ ಅಂತ ಪರದೆ ಮೇಲೆ ಬರುತ್ತಿದೆ. ನಾನು ಕಟ್ಟಿದ್ದು ಯಾವುದಕ್ಕೆ ಹಾಗಾದರೆ?

ಫ್ರೀ ಸಾಫ್ಟ್‌ವೇರ್ ಮಾರುವುದು ತಪ್ಪಲ್ಲ ಅಂತ ಗೆಳೆಯರೊಬ್ಬರು ವಾದ ಮಾಡಿದರು. ನಿಜ. ಇಂಥ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಹಂಚುವ ಷರತ್ತು ಬರೆದಿರುವ ಜಿಪಿಎಲ್ ಲೈಸೆನ್ಸಿನಲ್ಲೇ ಪ್ರತಿ ಮಾಡಿ ಕೊಡುವುದಕ್ಕೆ ಹಣ ಪಡೆಯಬಹುದು ಅಂತ ಇದೆ. ಆ ಲೈಸೆನ್ಸ್ ಬರೆದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರ ಹೊತ್ತಿಗೆ ತಮ್ಮ ಈಮ್ಯಾಕ್ಸ್ ಅನ್ನುವ ಬರವಣಿಗೆ ಸಾಫ್ಟ್‌ವೇರನ್ನು ಕಂಪ್ಯೂಟರ್ ಟೇಪಿನಲ್ಲಿ ಹಾಕಿ ಮಾರುತ್ತಿದ್ದರು. ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ನೆಟ್‌ವರ್ಕ್ ಇದ್ದವರು ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು, ಇಲ್ಲದವರು ದುಡ್ಡು ಕೊಟ್ಟು ಟೇಪ್ ತರಿಸಿಕೊಂಡರು. ಕೊಳ್ಳುವವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಹೇಳಬೇಕಾದವರು ಹೇಳಲಿಲ್ಲ. ಫೈರ್‌ಫಾಕ್ಸ್‌ನವರಂತೂ ನಮ್ಮ ಬ್ರೌಸರನ್ನು ಹಂಚಿ, ಆದರೆ ಅದಕ್ಕೆ ದುಡ್ಡು ಪಡೆಯಬೇಡಿ ಅಂತ ಬರೆದೇ ಇಟ್ಟಿದ್ದಾರೆ.

ಕೆಲಸಕ್ಕೆ ಕೂಲಿ ಕೊಡಲ್ಲ ಅಂತ ನಾನು ಹೇಳುತ್ತಿಲ್ಲ. ಲ್ಯಾಪ್‌ಟಾಪಿನ ಭಾಗಗಳನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹುಡುಕಬೇಕು, ಅಪ್‌ಡೇಟ್ ಮುಗಿಯುವ ತನಕ ಕಾಯಬೇಕು, ಅದೆಲ್ಲ ದುಡಿಮೆಯೇ. ಅದಕ್ಕೆ ಸರ್ವಿಸ್ ಚಾರ್ಜ್ ಅಂತ ಬರೆಯಲಿ, ಇನ್ನೂ ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳಲಿ. ಫ್ಯಾನ್ ಕೂರಿಸಿದವರು ಗಾಳಿಗೆ ಬೇರೆ ಬಿಲ್ ಹಾಕ್ತಾರಾ?

ಇದನ್ನೆಲ್ಲ ನೋಡಬೇಕಾದ ಅಧಿಕಾರಿಗಳು ಏನು ಮಾಡುತ್ತಿದ್ದಾರೆ? ಕೆಲವು ವರ್ಷಗಳ ಹಿಂದೆ ತೂಕದಲ್ಲಿ ಮೋಸ ಆಯಿತು ಅಂತ ದೂರು ಕೊಡಲು ಹೋಗಿದ್ದೆ. ಒಬ್ಬರು ಮೇಲಿನ ಮಹಡಿ ತೋರಿಸಿದರು. ಮೇಲಿದ್ದವರು ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಬರೆದು ಕೊಡಿ ಅಂದರು. ಬರೆದು ಕೊಟ್ಟೆ. ಆಮೇಲೆ ಬಿಲ್ಲಿನ ಪ್ರತಿ ಬೇಕು ಅಂದರು, ಅದನ್ನೂ ಕೊಟ್ಟೆ. ಇವತ್ತಿನವರೆಗೆ ಉತ್ತರ ಇಲ್ಲ. ಕೆಟ್ಟ ಬೀದಿ ದೀಪದ ಬಗ್ಗೆ ಕೊಟ್ಟ ಅರ್ಜಿಯದ್ದೂ ಇದೇ ಪಾಡು. ತಕ್ಕಡಿಯನ್ನೇ ಸರಿಯಾಗಿ ನೋಡದವರು ಸಾಫ್ಟ್‌ವೇರ್ ಬಿಲ್ ಏನು ನೋಡಿಯಾರು?

ಹಾಗಂತ ಸುಮ್ನೆ ಬಿಡೋಕಾಗಲ್ಲ. ಅಂಗಡಿಯವರು ಯಾವುದು ಪುಕ್ಕಟೆ, ಯಾವುದಕ್ಕೆ ಬೆಲೆ ಅಂತ ಗೋಡೆ ಮೇಲೆ ಬರೆದು ಹಾಕಬೇಕು. ಅಥವಾ ಬಿಲ್ಲಿನಲ್ಲೇ ನಮೂದಿಸಬೇಕು. ಅಧಿಕಾರಿಗಳು ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು, ತಪ್ಪು ಮಾಡಿದವರಿಗೆ ದಂಡ ಹಾಕಬೇಕು. ಏನಾದರೊಂದು ಮಾಡಿ ಸ್ವಾಮಿ! ಬರೆದು ಕೊಟ್ಟರೆ ಮಾತ್ರ ನೋಡ್ತೀವಿ ಅನ್ನುವುದಾದರೆ, ಇದನ್ನೇ ದೂರು ಅಂದುಕೊಳ್ಳಿ. ಪತ್ರಿಕೆಯನ್ನಾದರೂ ಓದ್ತೀರಿ ಅಲ್ವಾ?

ಇತಿ,
ನೊಂದ ಗ್ರಾಹಕ